ಕತ್ತರಿಸಿ ಬಾವಿಗೆ ಬಿಟ್ಟ ನಲವತ್ತು ಮಾರು

ಶಾಲಿವಾಹನ ಶಕ ಎರಡು ಸಾವಿರದ ಇನ್ನೂರ ಹದಿನೇಳು, ಉರಿಮಾಸದ ಮೂವತ್ತೇಳನೆಯ ದಿನ, ಉಂಡ ಮೇಲಿನ ಹೊತ್ತು.
ಗುಂಡಗಲ್ಲ ಹೊಸೂರು.

ನಮಗಿಂತ ಮೊದಲು ಈ ನೆಲದಲ್ಲಿ ಬಾಳಿದ ಹಿರಿಯರಿಗೆ ಹಾಲವ್ವನ ಶರಣು.

ಉರಿಮಾಸ ನಿಮ್ಮ ಪಂಚಾಂಗದಲ್ಲಿ ಇರುವುದಿಲ್ಲ. ಬೇಸಿಗೆ ಎರಡು ತಿಂಗಳಲ್ಲಿ ಮುಗಿಯದೆ ಹೋದಾಗ ನಮ್ಮ ಮುತ್ತಜ್ಜಂದಿರು ವೈಶಾಖದ ಬೆನ್ನಿಗೆ ಅರವತ್ತು ದಿನದ ಇದೊಂದನ್ನು ಸೇರಿಸಿದರು. ನನ್ನ ಮಾತಿನಲ್ಲಿ ಇನ್ನೂ ಕೆಲವು ನಿಮಗೆ ತಿಳಿಯದೆ ಹೋಗಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ಹೀಗೆ ಹಿಂದಿನ ಕಾಲಕ್ಕೆ ಹೋಗುವ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ನನ್ನ ಅತ್ತೆ ಬಸಲಿಂಗವ್ವ ತನ್ನದನ್ನು ಸತ್ತುಹೋದ ತಾಯಿಗೆ ಬರೆದುಕೊಂಡಳು. ನಾನು ನಿಮಗೆ ಬರೆಯುತ್ತಿದ್ದೇನೆ. ನನ್ನ ಮಗಳು ಮುತ್ತಿಯ ಜೀವ ಈಗ ನಿಮ್ಮ ಕಾಲದ ಸಿನಿಮಾದ ಒಂದು ತುಂಡಿನಲ್ಲಿ ಸಿಕ್ಕಿಕೊಂಡಿದೆ.

ಮುಖ ಮುಚ್ಚಿಕೊಂಡ ಒಬ್ಬ, ಕೈಯಲ್ಲಿ ಹರಿತವಾದದ್ದೇನೋ ಹಿಡಿದು, ಹರೆಯದವರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತ ಹೋಗುವ ಸಿನಿಮಾಗಳು ನಿಮ್ಮಲ್ಲಿ ಬಹಳ ಇದ್ದವಂತೆ. ನಮಗೆ ದಕ್ಕಿದ್ದು ಒಂದೇ. ಮೂವತ್ತು ವರ್ಷದ ಹಿಂದೆ, ಬಿದ್ದುಹೋದ ಟಾಕೀಸಿನ ಮಣ್ಣಿನಡಿ ಡಬ್ಬಿಯಲ್ಲಿ ಸಿಕ್ಕಿತು. ರಜೆಗೆ ಖಾಲಿಯಾದ ಹಾಸ್ಟೆಲ್ಲು, ಊರಿಗೆ ಹೋಗದ ಆರು ಹುಡುಗಿಯರು, ವೆಲ್ಡಿಂಗಿನವರ ಕಪ್ಪು ಮುಖವಾಡ ತೊಟ್ಟವನು. ಆಗ ನಮ್ಮಲ್ಲಿ ಅಂಜಿಕೆ ಎಂಬುದೇ ಇರಲಿಲ್ಲ. ಬೀದಿಗೊಂದು ಕಾವಲುಗಣ್ಣು ಇತ್ತು, ಕೇಡು ಬಗೆದು ಬಂದವನನ್ನು ಊರ ಗಡಿಯಲ್ಲೇ ನಿಲ್ಲಿಸುವ ಯಂತ್ರ. ಮೂರು ತಲೆಮಾರು ಯಾರೂ ಯಾರ ಮೇಲೂ ಕೈ ಎತ್ತಲಿಲ್ಲ. ಬಾಗಿಲಿಗೆ ಚಿಲಕ ಇಡಿಸುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಚಿಲಕ ಎಂಬ ಮಾತನ್ನೇ ನಮ್ಮ ಮಕ್ಕಳು ಆ ಸಿನಿಮಾದಿಂದ ಕಲಿತರು. ಏನಕ್ಕೂ ಅಂಜದವರು ದೇವರಿಗೂ ಅಂಜುವುದಿಲ್ಲ ಎಂದು ಹಿರಿಯರು ಒಂದು ನೇಮ ಕಟ್ಟಿದರು. ಅದೇ ಅಂಜಿಕೆಯ ಒಪ್ಪತ್ತು. ವರ್ಷಕ್ಕೊಂದು ದಿನ ಒಂದೇ ಊಟ ಮಾಡಿ, ಗುಡಿಯ ಪಡಸಾಲೆಗೆ ಕರಿಕಂಬಳಿ ಇಳಿಬಿಟ್ಟು, ಊರೆಲ್ಲ ಒತ್ತಿ ಕೂತು ಆ ಸಿನಿಮಾ ನೋಡುವುದು. ಸುರುಳಿ ಕಾಯುವ ಕೆಲಸ ನಮ್ಮ ಮನೆಗೆ ಬಂತು.

ಹಿರಿಯರೇ, ಅದರಲ್ಲಿ ಏನು ರುಚಿಯಿತ್ತೋ ಹೇಳಲಾರೆ. ದೇವರ ಮುಂದೆ ಸುಳ್ಳು ಬರೆಯುವುದಿಲ್ಲ, ನನಗೂ ಅದು ಬೇಕಾಗಿತ್ತು. ಆ ಆರರಲ್ಲಿ ಒಬ್ಬ ಹುಡುಗಿ ಕತ್ತಲಲ್ಲಿ ಮೆಟ್ಟಿಲು ಇಳಿದರೆ ಸಾಕು, ಊರಿಗೆ ಊರೇ "ಹಿಂದ ನೋಡ, ಹುಚ್ಚವ್ವಾ, ಹಿಂದ ನೋಡ!" ಎಂದು ಕೂಗುತ್ತಿತ್ತು. ನೆರೆಮನೆಯ ದುರುಗವ್ವ, "ದೀಪ ಇಲ್ಲದ ಕ್ವಾಣ್ಯಾಗ ಏನ್ ಗಂಟು ಇಟ್ಟೀಯೇ? ವರ್ಷಾ ಹೋಗ್ತಾಳ, ವರ್ಷಾ ಸಾಯ್ತಾಳ, ಒಂದೀಟರ ಬುದ್ಧಿ ಬ್ಯಾಡೇನ!" ಎಂದು ಬೈದು ಎಲ್ಲರನ್ನೂ ನಗಿಸುತ್ತಿದ್ದಳು. ಪಕ್ಕದವರ ಕೈ ಹಿಡಿದುಕೊಂಡದ್ದು ಮುಗಿದ ಮೇಲೂ ಬಿಡುತ್ತಿರಲಿಲ್ಲ. ಅವತ್ತಿನ ರೊಟ್ಟಿಗೆ ಬೇರೆಯೇ ರುಚಿ. ಬದುಕಿದ್ದೇವೆ ಎಂಬುದು ಬಾಯಿಗೆ ತಿಳಿಯುತ್ತಿತ್ತು.

ಈಗ ನನ್ನ ತಪ್ಪು. ಡಬ್ಬಿ ಸಿಕ್ಕಾಗ ಮೊದಲು ನೋಡಿದವರು ಅತ್ತೆ ಮತ್ತು ನಾನು ಇಬ್ಬರೇ. ಕೊನೆಗೆ ಉಳಿದ ಹುಡುಗಿ ಅವನ ತಲೆಗೆ ಹೊಡೆಯುತ್ತಾಳೆ, ಅವನು ಬೀಳುತ್ತಾನೆ, ಹೊತ್ತು ಮೂಡುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಅವಳು ಮಲಗಿದ್ದಾಳೆ. ಅವನು ಬಿದ್ದ ಜಾಗದಲ್ಲಿ ಅವನಿಲ್ಲ. ಹಿತ್ತಲ ಬಾಗಿಲು ಮೆಲ್ಲಗೆ ತೆರೆಯುತ್ತದೆ. ಅತ್ತೆ ಕಿವಿ ಮುಚ್ಚಿಕೊಂಡಳು. ಪುರಾಣ ಓದಿದರೂ, ಬಯಲಾಟ ಆಡಿದರೂ ಮಂಗಳ ಹಾಡದೆ ಏಳಬಾರದು, ರಕ್ಕಸ ಬಿದ್ದ ಮೇಲೆ ಆರತಿಯಾಗಬೇಕು ಎಂಬುದು ನಮ್ಮ ರೂಢಿ. ಅಮಂಗಳವನ್ನು ಹೊತ್ತುಕೊಂಡು ಜನ ಮನೆಗೆ ಹೋಗುವುದು ಬೇಡವೆಂದು ನಾನೇ ಕತ್ತರಿ ತಂದೆ. ಹೊತ್ತು ಮೂಡುವಲ್ಲಿಗೆ ನಿಲ್ಲಿಸಿ, ಉಳಿದ ನಲವತ್ತು ಮಾರನ್ನು ಅರಿಸಿನ ಕುಂಕುಮ ಹಚ್ಚಿ ಗುಡಿಯ ಬಾವಿಗೆ ಬಿಟ್ಟೆ. ಪುಣ್ಯದ ಕೆಲಸ ಎಂದುಕೊಂಡೆ. ಮೂವತ್ತು ವರ್ಷ ನಮ್ಮವರು ನೋಡಿದ್ದು ಇಷ್ಟು: ಅವನು ಬಿದ್ದ, ಹೊತ್ತು ಮೂಡಿತು, ಆರತಿ ಎತ್ತಿದರು.

ಹೋದ ವರ್ಷ ಕಾವಲುಗಣ್ಣುಗಳು ಕುರುಡಾದವು. ರಿಪೇರಿ ಬಲ್ಲವರು ಯಾರೂ ಉಳಿದಿಲ್ಲ. ಹನ್ನೆರಡು ದಿನದ ಹಿಂದೆ, ಇಂಥದೇ ಮಧ್ಯಾಹ್ನ, ಮುಖಕ್ಕೆ ಬಟ್ಟೆ ಸುತ್ತಿಕೊಂಡವನೊಬ್ಬ ಕುಡುಗೋಲು ಹಿಡಿದು ದುರುಗವ್ವನ ಮನೆ ಹೊಕ್ಕ. ಅವಳು ಬೀಸುಕಲ್ಲಿನ ಮುಂದೆ ಕೂತಿದ್ದಳು. ಹಿಂದೆ ನೋಡೆನ್ನಲು ಯಾರೂ ಇರಲಿಲ್ಲ. ಹೊರಗೆ ಬಂದವನ ತಲೆಗೆ ಹಾರೆಯಿಂದ ಹೊಡೆದವಳು ನನ್ನ ಮುತ್ತಿ. ಅವನು ಬಿದ್ದ. ಆಗ ಊರವರು ಏನು ಮಾಡಿದರು ಗೊತ್ತೇ? ಹಾರೆ ಬಿಸಾಡಿ, ಅವನಿಗೆ ಬೆನ್ನು ತಿರುಗಿಸಿ, ಗುಡಿಯ ಮುಂದೆ ನಿಂತು ಮಂಗಳ ಹಾಡಿದರು. ಹಾಡು ಮುಗಿಸಿ ಬಂದರೆ ಅಲ್ಲಿ ರಕ್ತ ಇತ್ತು, ಅವನಿರಲಿಲ್ಲ.

ನಾಯಿ ಎಳೆದಿರಬೇಕು ಎಂದರು. ನಾನು ಗುಡಿಯ ಕಟ್ಟೆಯ ಮೇಲೆ ನಿಂತು ಎಲ್ಲ ಒಪ್ಪಿಕೊಂಡೆ. ಅವನು ಏಳುತ್ತಾನೆ, ಹೊಡೆದವಳನ್ನೇ ಹುಡುಕಿಕೊಂಡು ಬರುತ್ತಾನೆ ಎಂದೆ. ನಂಬಲಿಲ್ಲ. ಗೆಳತಿ ಸತ್ತು ಹಾಲವ್ವನಿಗೆ ತಲೆ ಕೆಟ್ಟಿದೆ ಎಂದರು. ಮುತ್ತಿಯಂತೂ, "ಬಿದ್ದಾನ ಅಂದ್ರ ಬಿದ್ದಾನ, ಯವ್ವಾ. ಸುರುಳಿಯೊಳಗ ನೀನ ತೋರಿಸಿಲ್ಲೇನ?" ಎಂದು ನಕ್ಕಳು. ತೆರೆಯ ಮೇಲೆ ಕಂಡದ್ದೇ ಅವರಿಗೆ ಪ್ರಮಾಣ. ಹಾಗೆ ಮಾಡಿದವಳು ನಾನೇ.

ಅದಕ್ಕೆ ಕೇಳಿಕೊಳ್ಳುತ್ತೇನೆ. ಅಂಥ ಸಿನಿಮಾ ನಿಮ್ಮ ಹತ್ತಿರ ಯಾವುದಿದ್ದರೂ ಸರಿ, ಕೊನೆಗೆ ಅವನು ಏಳುವ ತುಂಡನ್ನು ತಾಮ್ರದ ಕೊಡದಲ್ಲಿಟ್ಟು, ಅರಗು ಹಾಕಿ, ನಮ್ಮ ಗುಂಡಗಲ್ಲ ಗುಡ್ಡದ ಮೇಲೆ ಪೂರ್ವಕ್ಕೆ ವಾಲಿದ ಕಲ್ಲುಕಂಬದ ಬುಡದಲ್ಲಿ ಹೂಳಿರಿ. ಎದೆಯುದ್ದ ಆಳ ಸಾಕು. ಚೆಂದವಿಲ್ಲ, ಮಕ್ಕಳು ಹೆದರುತ್ತಾರೆ ಎಂದು ಯಾರು ಹೇಳಿದರೂ ಕತ್ತರಿ ಹಾಕಬೇಡಿ. ಮುತ್ತಿ ಒಂದು ಸಲ ಅದನ್ನು ಕಣ್ಣಾರೆ ನೋಡಿದರೆ ಸಾಕು.

ಇವತ್ತು ಬೆಳಿಗ್ಗೆ ಹೋಗಿ ಅಗೆದು ನೋಡಿದೆ. ಏನೂ ಇರಲಿಲ್ಲ. ನೀವು ಇಟ್ಟಿದ್ದರೆ ಅದು ಅಲ್ಲೇ ಇರಬೇಕಿತ್ತು. ಓಲೆ ಇನ್ನೂ ಕಳಿಸಿಲ್ಲವಲ್ಲ, ಅದಕ್ಕೇ ಇಲ್ಲ ಎಂದು ಮನಸ್ಸಿಗೆ ಹೇಳಿಕೊಂಡಿದ್ದೇನೆ. ಸಂಜೆ ಮತ್ತೆ ಅಗೆಯುತ್ತೇನೆ.

ಮುತ್ತಿ ನಡುಮನೆಯಲ್ಲಿ ಮಲಗಿದ್ದಾಳೆ. ನಾನು ಮುಂಬಾಗಿಲ ಹೊಸ್ತಿಲಲ್ಲಿ ಬೀದಿಯ ಕಡೆ ಮುಖ ಮಾಡಿ ಕೂತಿದ್ದೇನೆ. ಹಿತ್ತಲ ಬಾಗಿಲಿಗೆ ಒರಳುಕಲ್ಲು ಉರುಳಿಸಿಟ್ಟು ಬಂದಿದ್ದೆ. ಈ ಉರಿಯಲ್ಲಿ ಎಲೆಯೊಂದೂ ಅಲುಗಿರಲಿಲ್ಲ. ಈಗ ನನ್ನ ಬೆನ್ನಿಗೆ ತಣ್ಣನೆಯ ಗಾಳಿ ಬಡಿಯುತ್ತಿದೆ. ಸೆಕೆ ಎಂದು ಮುತ್ತಿಯೇ ಎದ್ದು ಕಲ್ಲು ಸರಿಸಿರಬೇಕು.

ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಕೂಗುತ್ತಿದ್ದರೆ, ತಾಯಿ, ಅಪ್ಪಾ, ಇನ್ನಷ್ಟು ಗಟ್ಟಿಯಾಗಿ ಕೂಗಿ. ನನಗೆ ಕೇಳಿಸುತ್ತಿಲ್ಲ.