ಕ್ವಾಗೆಬೂರ್ ಎಂಬ ಹೆಸರಿನ ಅರ್ಥ

ಪಕ್ಕದ ಮನೆಯ ತಾತನವರಿಗೆ,

ನೀವು ಬೆಲ್ಜಿಯಂಗೆ ಬರೆದಿದ್ದ ಕಾಗದಕ್ಕೆ ಉತ್ತರ ಬಂದಿದೆ. ನೀವು ಹೋಗಿ ಹತ್ತೊಂಬತ್ತು ದಿನವಾದ ಮೇಲೆ ಬಂತು. ಯಾರ ಕೈಗೆ ಕೊಡುವುದೆಂದು ತಿಳಿಯದೆ ಅಂಚೆಯವನು ನಮ್ಮ ಬಾಗಿಲಲ್ಲಿ ನಿಂತಿದ್ದ. ನಾನೇ ಇಸಿದುಕೊಂಡೆ.

ನೀವು ನಮ್ಮ ಲಷ್ಕರ್ ಮೊಹಲ್ಲಕ್ಕೆ ಬಂದ ದಿನ ಕಣ್ಣಿಗೆ ಕಟ್ಟಿದಂತಿದೆ. ಅರಮನೆಯಲ್ಲಿ ಪಿಟೀಲು ಕಲಿಸುವ ಕೆಲಸ ಮುಗಿದು, ಒಂದು ಟ್ರಂಕು, ಎರಡು ಪಿಟೀಲುಗಳೊಂದಿಗೆ ಜಟಕಾದಿಂದ ಇಳಿದಿರಿ. ನಮ್ಮತ್ತೆ ಹೆಸರು ಕೇಳಿದರು. ಕ್ವಾಗೆಬೂರ್ ಎಂದಿರಿ. ‘ಅದ್ಯಾವ ಊರು ಕಣಪ್ಪ?’ ಎಂದರು ಅತ್ತೆ. ಅವತ್ತಿನಿಂದ ಬೀದಿಗೆಲ್ಲ ನೀವು ಕಾಗೆಬೂರು ತಾತ. ನೀವು ಬೇಸರಿಸಿಕೊಳ್ಳಲೇ ಇಲ್ಲ.

ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಆ ಹೆಸರಿಗೆ ಅರ್ಥವೇನೆಂದು ಕೇಳಿದ್ದೆ. ನಿಮಗೆ ಎರಡು ವರ್ಷವಾದಾಗಲೇ ಅಪ್ಪ ತೀರಿಕೊಂಡದ್ದು, ಅನಾಥಾಲಯದಲ್ಲಿ ಬೆಳೆದದ್ದು, ಬೆಲ್ಜಿಯಂನ ನಿಮ್ಮ ಫ್ಲೆಮಿಷ್ ನಾಡಿನಲ್ಲೂ ಆ ಹೆಸರಿನ ಇನ್ನೊಬ್ಬರನ್ನು ಕಾಣದೇ ಹೋದದ್ದು, ಎಲ್ಲ ಹೇಳಿದಿರಿ. ‘ಅಪ್ಪ ನಂಗೆ ಬುಟ್ಟು ಹೋಗಿದ್ದು ಇದೊಂದೇ ಕಣಮ್ಮ. ಅದೂ ಏನು ಅಂತ ಗೊತ್ತಿಲ್ಲ.’ ಮರುದಿನವೇ ಹುಟ್ಟಿದೂರಿನ ಚರ್ಚಿಗೆ ಬರೆದು ಹಾಕಿದಿರಿ.

ನನ್ನ ಮಗಳು ಸರೋಜಳಿಗೆ ಸಿಡುಬು ಬಂದದ್ದು ಆ ಬೇಸಿಗೆಯಲ್ಲೇ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆವು. ಬೀದಿಯವರು ಆಚೆ ಬದಿಯಿಂದ ಓಡಾಡಿದರು. ನೀವೊಬ್ಬರೇ ದಿನಾ ಎಳನೀರು ತಂದು ಜಗುಲಿಯ ಮೇಲಿಟ್ಟು, ನಿಮ್ಮ ಕಿಟಕಿಯಲ್ಲಿ ಕೂತು ಅವಳಿಗೆ ಕೇಳುವಂತೆ ಪಿಟೀಲು ನುಡಿಸಿದಿರಿ. ಒಂದು ದಿನ ನುಡಿಸಲಿಲ್ಲ.

ಅವತ್ತು ನೀವು ನಮ್ಮಿಬ್ಬರ ನಡುವಿನ ಗೋಡೆ ತಟ್ಟಿದ್ದು ನನಗೆ ಕೇಳಿಸಿತು, ತಾತ. ಮೂರು ಸಲ. ಸೋಂಕು ಹೊತ್ತು ನಿಮ್ಮಲ್ಲಿಗೆ ಹೇಗೆ ಬರಲಿ? ಜ್ವರದಲ್ಲಿ ನನ್ನ ಸೆರಗು ಹಿಡಿದಿದ್ದ ಮಗುವನ್ನು ಬಿಟ್ಟು... ಕಿಟಕಿಯಿಂದ ಎದುರುಮನೆಯವರನ್ನು ಕೂಗಿದೆ. ಅವರು ಬರುವಷ್ಟರಲ್ಲಿ ನೀವು... ಹೃದಯ ನಿಂತಿತ್ತು ಎಂದರಂತೆ ಡಾಕ್ಟರು. ನಿಮ್ಮನ್ನು ಹೊತ್ತುಕೊಂಡು ಹೋಗುವಾಗ ಬಾಗಿಲ ಸಂದಿಯಿಂದ ನೋಡಿದೆ, ಅಷ್ಟೆ.

ಸಿಡುಬು ಇಳಿದು ಸರೋಜಳಿಗೆ ನೀರು ಹಾಕಿದ ಮೇಲೆ, ನಿಮ್ಮ ಭಾಷೆ ಬಲ್ಲ ಫಾದರ್ ಒಬ್ಬರ ಬಳಿಗೆ ಕಾಗದ ಒಯ್ದೆ. ಬಹಳ ಹಿಂದೆ ನಿಮ್ಮ ವಂಶದ ಯಾರಿಗೋ ಊರಿನವರು ಇಟ್ಟ ಅಡ್ಡಹೆಸರಂತೆ. ಹಳೆಯ ಮಾತಿನಲ್ಲಿ ‘ಕ್ವಾದೆ’ ಎಂದರೆ ಕೆಟ್ಟ, ‘ಗೆಬೂರ್’ ಎಂದರೆ ನೆರೆಯವ. ಫಾದರ್ ಕನ್ನಡಕ ತೆಗೆದು, ‘ಕೆಟ್ಟ ನೆರೆಯವ ಅಂತ ಕಣಮ್ಮ’ ಎಂದರು.

ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡೆ. ನೀವು ಇದ್ದಿದ್ದರೆ ಯಾವ ಬಾಯಲ್ಲಿ ಹೇಳುತ್ತಿದ್ದೆ? ನೀವು ಅಷ್ಟು ಕಾದದ್ದು ಇದಕ್ಕೇನಾ? ಆ ಹೆಸರು ನಿಮಗಿಂತ ನನಗೇ...

ಸರೋಜ ಉಳಿದುಕೊಂಡಳು, ತಾತ. ಎಡಗಣ್ಣು ಮಾತ್ರ ಹೋಯಿತು. ನಿನ್ನೆ ಗೋಡೆ ಹಿಡಿದು ನಡೆದು, ಹೊಸಿಲವರೆಗೆ ಬಂದು, ನಿಮ್ಮ ಮನೆಗೆ ಹೋಗುತ್ತೇನೆಂದು ಹಟ ಮಾಡಿದಳು. ನೀವಿಲ್ಲವೆಂದು ನಾನಿನ್ನೂ ಅವಳಿಗೆ ಹೇಳಿಲ್ಲ.