ನೆರಳಲ್ಲಿ ನಿಲ್ಲಿಸಿದ ಕಾರು

ಮಸಿಯಣ್ಣಾ,

ನೀನು ತೀರಿಹೋಗಿ ವರ್ಷವಾಯಿತು. ಸಾವು, ಕಾಯಿಲೆಗಳನ್ನೂ ನಗೆಯಾಗಿಸಿ ಈ ಹೆಸರಲ್ಲೇ ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದ ನಿನ್ನ ಕಾಮಿಕ್‌ಗಳು ಪುಸ್ತಕವಾಗುತ್ತಿವೆ. ನಿನ್ನ ಅಕ್ಕ ಆ ಕೆಲಸ ನನಗೆ ಒಪ್ಪಿಸಿದ್ದಾರೆ. ನಾವು ಮಾತು ಬಿಟ್ಟದ್ದು ಅವರಿಗೆ ಗೊತ್ತಿಲ್ಲ.

ಇವತ್ತು ಪ್ರೆಸ್ಸಿನಲ್ಲಿ ಪುಟ ಜೋಡಿಸುವಾಕೆ, "ಸಾರ್, ಕೊನೇ ಪುಟ ಖಾಲಿ ಉಳೀತು. ಇನ್ನೊಂದು ಇದ್ರೆ ಕೊಡಿ," ಎಂದರು.

ಇತ್ತು. ಮೂರು ವರ್ಷದ ಹಿಂದೆ ಜಗಳವಾಡಿ, ಅದನ್ನು ಇಂಟರ್ನೆಟ್ಟಿನಿಂದ ನಿನ್ನ ಕೈಯಲ್ಲೇ ತೆಗೆಸಿ, ಮಾತು ಬಿಟ್ಟಿದ್ದೆ. ನನ್ನ ಫೋನಿನಲ್ಲಿ ಮಾತ್ರ ಉಳಿಸಿಕೊಂಡಿದ್ದೆ. ಮೊದಲ ಚೌಕದಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಅಪ್ಪ, "ಮಗ ಬಂದನಾ?" ಎನ್ನುತ್ತಾರೆ. "ಕಾರು ನಿಲ್ಲಿಸ್ತಿದ್ದಾರೆ," ಎನ್ನುತ್ತಾಳೆ ನರ್ಸ್. ಕೊನೆಯ ಚೌಕದಲ್ಲಿ ಹಾಸಿಗೆ ಖಾಲಿ. ಬಾಗಿಲಲ್ಲಿ ಮಗ ಏದುಸಿರು ಬಿಡುತ್ತಾ, "ಅಪ್ಪಾ, ನೆರಳಲ್ಲೇ ಜಾಗ ಸಿಕ್ತು!"

ನನ್ನ ಅಪ್ಪ ಹೋದದ್ದು ಹಾಗೆಯೇ. ಅದನ್ನು ಹೇಳಿಕೊಂಡದ್ದು ನಿನ್ನೊಬ್ಬನಲ್ಲಿ.

ಫೋನಿನಿಂದ ಅದನ್ನು ಕಳಿಸಿದೆ. ಆಕೆ ನೋಡಿ ಕಿಸಕ್ಕನೆ ನಕ್ಕು, ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿದರು. "ನೋಡಿ ಸಾರ್, ಇಡೀ ಪುಸ್ತಕದಲ್ಲಿ ಪುಣ್ಯಾತ್ಮ ಯಾರಿಗೂ ಕಣ್ಣೇ ಬಿಡಿಸಿಲ್ಲ. ಈ ಮಗನಿಗೆ ಮಾತ್ರ ಬಿಡಿಸಿದ್ದಾರೆ. ಪಾಪ, ಇವನನ್ನ ಕಂಡ್ರೆ ಇಷ್ಟ ಇತ್ತೇನೋ."

ಮೂರು ವರ್ಷ ನಾನು ಮಾತುಗಳನ್ನಷ್ಟೇ ಓದಿದ್ದೆ ಕಣೋ.

"ಹಾಕ್ಲಾ ಸಾರ್?"

"ಹಾಕಿ," ಎಂದೆ. "ಸ್ವಲ್ಪ ದೊಡ್ಡದಾಗೇ ಹಾಕಿ."