ನೋವಿಲ್ಲದ ಬೆರಳಿಗೆ ಪಟ್ಟಿ

ಬುಧವಾರ, ಜನವರಿ 22

ಅಕ್ಕಾ, ಪೂರ್ತಿ ಓದಿ ಆಮೇಲೆ ಬೈಯಿ,

ಶನಿವಾರ ಬರ್ಬೇಡಿ. ನೀನೂ ಬೇಡ, ಅಮ್ಮನೂ ಬೇಡ. ರೈಲ್ ಟಿಕೆಟ್ ಕ್ಯಾನ್ಸಲ್ ಮಾಡ್ಸು. ನ್ಯೂಲಿನ್ ಮೀನು ಮಾರ್ಕೆಟ್ಟಲ್ಲಿ ಕಂಡಕಂಡೋರಿಗೆಲ್ಲಾ ನನ್ನ ತಮ್ಮ ಶನಿವಾರ ಗೋಲಲ್ಲಿ ನಿಲ್ತಾನೆ ಅಂತ ಡಂಗುರ ಹೊಡೆದಿರ್ತೀಯ, ನಂಗೊತ್ತು. ಹೋಗಿ ಇಲ್ಲ ಅಂದ್ಬಿಡು. ನಾನು ನಿಲ್ತಿಲ್ಲ.

ಇದನ್ನ ಕೈಯಲ್ಲಿ ಬರೀತಿಲ್ಲ. ಫೋನಿಗೆ ಹೇಳ್ತಾ ಹೋಗ್ತೀನಿ, ಅದು ಬರ್ಕೊಳ್ತಾ ಹೋಗುತ್ತೆ. ಕಾಲ್ ಮಾಡಿದ್ರೆ ನೀನು ಮಧ್ಯೆ ಬಾಯಿ ಹಾಕ್ತೀಯ, ನಾನು ಅರ್ಧಕ್ಕೇ ನುಂಗ್ಕೊಳ್ತೀನಿ. ಅದಕ್ಕೇ ಕಾಗದ.

ನಂಗೆ ಹೇಸಿಗೆ ಆಗಿದೆ ಅಕ್ಕಾ. ಆಟದ ಮೇಲಲ್ಲ. ಬಾಲ್ ಇವತ್ತಿಗೂ ಕೈಗೆ ಬಂದು ಕೂತ್ರೆ ಖುಷೀನೇ. ಅದರ ಸುತ್ತ ಇರೋ ಜನ ಕಂಡ್ರೆ ವಾಕರಿಕೆ ಬರುತ್ತೆ.

ಹನ್ನೊಂದು ವರ್ಷಕ್ಕೆ ಈ ಫುಟ್ಬಾಲ್ ಕ್ಲಬ್ಬಿನವರು ನನ್ನ ಆರಿಸ್ಕೊಂಡಾಗ ನೀನೇ ಅಲ್ವಾ ಕಾರಲ್ಲಿ ಕರ್ಕೊಂಡು ಬರ್ತಿದ್ದಿದ್ದು. ಬೆಳಿಗ್ಗೆ ಮೀನು ಕುಯ್ದು ಮುಗಿಸಿ, ಮಧ್ಯಾಹ್ನ ಸ್ಟೀರಿಂಗ್ ಹಿಡೀತಿದ್ದೆ. ಬೇರೆ ಹುಡುಗ್ರು ಮೂಗು ಮುಚ್ಕೊಂಡ್ರು ಅಂತ ನಾನು ಕಾರಲ್ಲಿ ಅತ್ತಿದ್ದೆ. ಮಾರನೇ ವಾರದಿಂದ ನೀನು ಅರ್ಧ ನಿಂಬೆಹಣ್ಣು ಉಜ್ಜಿ ಕೈ ತೊಳ್ಕೊಂಡು ಬರೋಕೆ ಶುರು ಮಾಡ್ದೆ.

ಹದಿನೆಂಟಕ್ಕೆ ಕಾಂಟ್ರ್ಯಾಕ್ಟ್ ಕೊಟ್ರು, ಅಮ್ಮ ಮಾಂಸ ತುಂಬಿದ ಪೇಸ್ಟಿ ಮಾಡಿ ಬೀದಿಗೆಲ್ಲಾ ಹಂಚಿದಳು. ಮಾರನೇ ತಿಂಗಳೇ ಲೋನ್ ಅಂತ ಬೇರೆ ಕ್ಲಬ್ಬಿಗೆ ಕಳಿಸಿದ್ರು. ಪಕ್ಕದ ಮನೆಯವರಿಗೆ ಪಾತ್ರೆ ಎರವಲು ಕೊಟ್ಟ ಹಾಗೆ. ತಳ ಸುಟ್ಕೊಂಡು ವಾಪಸ್ ಬಂದ್ರೆ ನಮ್ಮನ್ನೇ ಬೈತಾರೆ. ಮೊದಲನೇದು ಸಮುದ್ರದ ಪಕ್ಕದ ಸಣ್ಣ ಕ್ಲಬ್. ಬಟ್ಟೆ ಬದಲಾಯಿಸೋ ರೂಮಲ್ಲಿ ಚರಂಡಿ ಉಕ್ಕಿ ಹರೀತಿತ್ತು, ಬೆಂಚಿನ ಮೇಲೆ ನಿಂತ್ಕೊಂಡು ಶೂ ಹಾಕ್ಕೊಳ್ತಿದ್ವಿ. ಆದ್ರೂ ಅಲ್ಲಿ ಆಡ್ಸಿದ್ರು. ಎರಡನೇದ್ರಲ್ಲಿ ವರ್ಷಪೂರ್ತಿ ಬೆಂಚು ಬಿಸಿ ಮಾಡ್ದೆ. ಕೊನೇ ದಿನ ಅಲ್ಲಿನ ಕೋಚು ಕೈಕುಲುಕಿ, 'ಥ್ಯಾಂಕ್ಸ್ ರಾಯ್ಡನ್, ಒಳ್ಳೇದಾಗ್ಲಿ' ಅಂದ. ರಾಯ್ಡನ್ ಅನ್ನೋನು ನನಗಿಂತ ಹಿಂದಿನ ವರ್ಷ ಬಂದಿದ್ದ ಗೋಲ್ ಕೀಪರ್. ಇದನ್ನ ನಿಂಗೆ ಹೇಳಿರ್ಲಿಲ್ಲ. ಚೆನ್ನಾಗಿ ನೋಡ್ಕೊಂಡ್ರು ಅಂತ ಮಾತ್ರ ಹೇಳಿದ್ದೆ.

ಮೂರನೇದು ಕಾರ್ಡೇಲ್. ನವೆಂಬರಲ್ಲಿ ಹೋದೆ. ಅಲ್ಲಿನ ದೊಡ್ಡ ಕೀಪರ್ ಭುಜ ಮುರ್ಕೊಂಡಿದ್ದ. ಅದು ನಿಜವಾದ ಮುರಿತಾನೇ, ಅನುಮಾನ ಇಲ್ಲ. ಇಲ್ಲೊಂದು ನಿಯಮ ಇದೆ. ಕ್ಲಬ್ಬಲ್ಲಿ ಕೈಕಾಲು ನೆಟ್ಟಗಿರೋ ಕೀಪರ್ ಒಬ್ಬನೂ ಇಲ್ಲ ಅಂದ್ರೆ, ಬೇರೆ ಕ್ಲಬ್ಬಿಂದ ಒಂದು ವಾರದ ಮಟ್ಟಿಗೆ ತರಿಸ್ಕೊಳ್ಬಹುದು. ಇನ್ನೂ ವಾಸಿ ಆಗಿಲ್ಲ ಅಂದ್ರೆ ಮತ್ತೊಂದು ವಾರ. ಹಾಗೆ ವಾರ ವಾರಕ್ಕೂ ಸೈನ್ ಹಾಕಿಸ್ಕೊಂಡು ನನ್ನ ಇಟ್ಕೊಂಡ್ರು.

ಮೊದಲ ದಿನ ಕುರ್ಚಿ ಹತ್ತಿಸಿ ಹಾಡು ಹೇಳ್ಸಿದ್ರು, ಹೊಸಬರಿಗೆ ಎಲ್ಲಾ ಕಡೆ ಮಾಡೋ ಹಾಗೆ. ನಾನು ಅಜ್ಜನ ದೋಣಿ ಹಾಡು ಹೇಳ್ದೆ. 'ಏಯ್, ಇವನು ಬಂಗುಡೆ ಮೀನು ಕಣ್ರೋ!' ಅಂತ ಒಬ್ಬ ಕೂಗಿದ. ಅಲ್ಲಿಂದ ನಾನು ಬಂಗುಡೆ. ಸ್ಟೇಡಿಯಂನಲ್ಲೂ ಅದೇ ಹೆಸರು. ಮೊದಲನೇ ಮ್ಯಾಚಲ್ಲಿ ಪೆನಾಲ್ಟಿ ಹಿಡಿದ ಮೇಲೆ ಅದನ್ನ ಪ್ರೀತಿಯಿಂದ ಕರೆಯೋಕೆ ಶುರು ಮಾಡಿದ್ರು. ಜನ ನನ್ನ ಹೆಸರು ಹಿಡಿದು ಹಾಡಿದ್ದು ಅದೇ ಮೊದಲು ಅಕ್ಕಾ. ರೋಮ ನಿಂತ್ವು.

ನನ್ನ ಇಳಿಸಿದ್ದು ಡೋರೀನಮ್ಮನ ಮನೇಲಿ. ಕ್ಲಬ್ಬಿನ ಹುಡುಗರಿಗೆ ಊಟ ಹಾಕಿ ಮಲಗೋಕೆ ಜಾಗ ಕೊಡೋ ಹೆಂಗಸು. ಎದುರು ರೂಮಲ್ಲಿ ಫ್ರೇಜರ್ ಅಂತ ಹದಿನೆಂಟರ ಹುಡುಗ, ಸ್ಕಾಟ್ಲೆಂಡಿನವನು, ಕಾರ್ಡೇಲಿನ ಎರಡನೇ ಕೀಪರ್. ಅವನ ಎಡಗೈ ಕಿರುಬೆರಳು ಉಂಗುರದ ಬೆರಳು ಎರಡನ್ನೂ ಪ್ಲಾಸ್ಟಿಕ್ ದಬ್ಬೆ ಇಟ್ಟು ಬಿಳೀ ಪಟ್ಟಿ ಸುತ್ತಿ ಕಟ್ಟಿದ್ರು. ಅವನಿಗೂ ಪೆಟ್ಟಾಗಿದ್ದಕ್ಕೇ ನನ್ನ ಕರೆಸಿದ್ದು ಅಂತ ಹೇಳಿದ್ರು. ಪಾಪ ಅಂದ್ಕೊಂಡೆ. ಮೆತ್ತಗಿನ ಹುಡುಗ. ಎದುರು ಟೀಮಿನವರು ಯಾವ ಮೂಲೆಗೆ ಹೊಡೀತಾರೆ ಅಂತ ಪ್ರತಿ ಶುಕ್ರವಾರ ಕೂತು ನಂಗೆ ಹೇಳ್ಕೊಡ್ತಿದ್ದ. ತಟ್ಟೇಲಿ ಬಟಾಣಿ ಜೋಡಿಸಿ ತೋರಿಸ್ತಿದ್ದ. ಆ ಪೆನಾಲ್ಟಿ ನಾನು ಹಿಡಿದಿದ್ದು ಅವನ ಬಟಾಣಿಯಿಂದ.

ಕ್ರಿಸ್ಮಸ್ ಮುಗಿದ ವಾರ, ಭಾನುವಾರ ಮಧ್ಯಾಹ್ನದ ಊಟ. ಡೋರೀನಮ್ಮನ ಬೆಕ್ಕು ಮೇಜಿನ ಮೇಲೆ ಹಾರ್ತು, ಗ್ರೇವಿ ತುಂಬಿದ ಪಿಂಗಾಣಿ ಹೂಜಿಗೆ ಬಾಲ ಬಡೀತು. ಹೂಜಿ ಅಂಚಿನಿಂದ ಜಾರ್ತು. ನಾನು ಕೈ ಚಾಚೋಕೆ ಮೊದಲೇ ಫ್ರೇಜರ್ ಅದನ್ನ ಹಿಡಿದಾಗಿತ್ತು. ಎಡಗೈಯಲ್ಲಿ. ಪಟ್ಟಿ ಕಟ್ಟಿದ ಬೆರಳುಗಳನ್ನೂ ಸೇರಿಸಿ ಪೂರ್ತಿ ಅಂಗೈ ಅಗಲಿಸಿ, ನೆಲಕ್ಕೆ ಒಂದು ಗೇಣು ಇದ್ದ ಹಾಗೆ. ಪ್ಲಾಸ್ಟಿಕ್ ದಬ್ಬೆ ಪಟಕ್ ಅಂತ ಮುರೀತು. ಅವನ ಮುಖದಲ್ಲಿ ನೋವಿನ ಗೆರೇನೇ ಇಲ್ಲ. ಒಂದು ಹನಿ ಗ್ರೇವಿ ಚೆಲ್ಲಿರ್ಲಿಲ್ಲ.

'ಎಂಥಾ ಕ್ಯಾಚ್ ಕಣೋ ಮಗಾ!' ಅಂದಳು ಡೋರೀನಮ್ಮ. ಆಮೇಲೆ ಅವಳಿಗೂ ಹೊಳೀತು. ಹೂಜಿ ಇಸ್ಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಕೊಂಡಳು.

ಫ್ರೇಜರ್ ನನ್ನ ಮುಖ ನೋಡ್ಲಿಲ್ಲ. ಪಟ್ಟಿ ಬಿಚ್ಚಿದ. ಬೆರಳು ಬೆಳ್ಳಗೆ, ನೀರಲ್ಲಿ ನೆನೆಹಾಕಿದ ಹಾಗೆ ಸುಕ್ಕಾಗಿತ್ತು. ಆ ವಾಸನೆ ಏನ್ ಹೇಳ್ಲಿ ನಿಂಗೆ. ಗಾಯದ ವಾಸನೆ ಅಲ್ಲ. ಗಾಯಾನೇ ಇಲ್ಲದ ಚರ್ಮ ಉಸಿರುಕಟ್ಟಿ ಬೆವತು ಕೊಳೀತಿರೋ ವಾಸನೆ. ಮಾಂಸದ ತಟ್ಟೆ ಪಕ್ಕಕ್ಕೆ ತಳ್ಳಿಬಿಟ್ಟೆ.

ಆಮೇಲೆ ಹೇಳ್ದ. ದೊಡ್ಡ ಕೀಪರ್ ಬಿದ್ದ ಮಾರನೇ ದಿನವೇ ಯಜಮಾನ ಇವನನ್ನ ಕರೆಸಿದ್ನಂತೆ. ಅಲ್ಲಿ ಮ್ಯಾನೇಜರನ್ನ ಎಲ್ಲಾ ಯಜಮಾನ ಅಂತಾನೇ ಕರೆಯೋದು. 'ನೀನು ಇನ್ನೂ ಮೀಸೆ ಬರದ ಹುಡುಗ, ನಿನ್ನ ನಂಬ್ಕೊಂಡು ನಾನು ಕೆಲಸ ಕಳ್ಕೊಳ್ಳಲ್ಲ. ನೀನು ಚೆನ್ನಾಗಿದ್ರೆ ಬೇರೆಯವನನ್ನ ತರೋಕಾಗಲ್ಲ. ಹಾಗಾಗಿ ನೀನು ಚೆನ್ನಾಗಿಲ್ಲ. ಬಾಯಿ ಮುಚ್ಕೊಂಡಿದ್ರೆ ಬೇಸಿಗೇಲಿ ಕಾಂಟ್ರ್ಯಾಕ್ಟು' ಅಂದ್ನಂತೆ. ಆಟಗಾರರ ಗಾಯ ನೋಡ್ಕೊಳ್ಳೋ ಫಿಸಿಯೋ ಪಟ್ಟಿ ಸುತ್ತಿದ. ಇವನಮ್ಮ ಸ್ಕಾಟ್ಲೆಂಡಿಂದ ವಾರ ವಾರ ಎಲುಬಿಗೆ ಒಳ್ಳೇದು ಅಂತ ಸಾರು ಮಾಡಿ ಡಬ್ಬೀಲಿ ಕಳಿಸ್ತಿದ್ಲು. ಅದನ್ನ ಇವನು ಒಂದು ತೊಟ್ಟೂ ಬಿಡದೆ ಕುಡೀತಿದ್ದ, ಬಿಸಾಡೋಕೆ ಮನಸ್ಸು ಬರ್ದೆ.

ನಾನು ಮಾರನೇ ದಿನ ಯಜಮಾನನ ರೂಮಿಗೆ ಹೋದೆ. ಬೇಕನ್ ಬ್ರೆಡ್ಡು ತಿಂತಾ ಕೂತಿದ್ದ, ಗಡ್ಡಕ್ಕೆ ಕೆಂಪು ಸಾಸ್ ಮೆತ್ತಿತ್ತು. ಫ್ರೇಜರ್ ಬೆರಳಿಗೆ ಏನೂ ಆಗಿಲ್ಲ ಅಂದೆ. ನಗ್ತಾ, 'ನೀನೇನು ಡಾಕ್ಟರಾ? ಬಂಗುಡೆ, ನಿನ್ನ ಕೆಲಸ ಬಾಲ್ ಹಿಡಿಯೋದು, ಬೇರೆಯವರ ಬೆರಳು ಎಣಿಸೋದಲ್ಲ' ಅಂದ. ಮತ್ತೆ ಅಂದ, 'ಆ ಬೆರಳು ನೆಟ್ಟಗಾದ ದಿನ ನೀನು ಮತ್ತೆ ನಿಮ್ಮ ಕ್ಲಬ್ಬಿನ ಬೆಂಚಿಗೆ. ಯೋಚ್ನೆ ಮಾಡು.'

ಯೋಚ್ನೆ ಮಾಡ್ದೆ ಅಕ್ಕಾ. ಮಾಡಿ, ಆ ವಾರ ಮತ್ತೆ ಸೈನ್ ಹಾಕ್ದೆ. ಆಡ್ದೆ. ಗೆದ್ವಿ. ನನ್ನ ಹೆಸರು ಹಾಡಿದ್ರು. ಮೇಲೆ ಗ್ಯಾಲರೀಲಿ ಫ್ರೇಜರ್ ಹೊಸ ದಬ್ಬೆ ಕಟ್ಟಿಸ್ಕೊಂಡು ನಿಂತು ನನಗೆ ಚಪ್ಪಾಳೆ ತಟ್ತಿದ್ದ. ಪಟ್ಟಿ ಕಟ್ಟಿದ ಕೈಗೆ ಶಬ್ದ ಬರಲ್ಲ. ಅದನ್ನ ನೋಡಿದ್ಮೇಲೆ ಸ್ನಾನದ ಕೋಣೇಲಿ ಹೋಗಿ ವಾಂತಿ ಮಾಡ್ಕೊಂಡೆ. ಎಲ್ಲಾ ಗೆದ್ದಿದ್ದಕ್ಕೆ ಬಿಯರ್ ಜಾಸ್ತಿ ಆಯ್ತು ಅಂದ್ಕೊಂಡು ಬೆನ್ನು ತಟ್ಟಿದ್ರು. ನಾನು ನೀರೂ ಕುಡಿದಿರ್ಲಿಲ್ಲ.

ಆಗ ನಿನ್ನ ಬೆರಳು ನೆನಪಾಯ್ತು. ಮೀನು ಕುಯ್ಯೋ ಚೂರಿ ಮೂಳೆ ತನಕ ಇಳಿದಾಗ ಬಟ್ಟೆ ಚೂರು ಸುತ್ಕೊಂಡು ಉಳಿದ ಪೆಟ್ಟಿಗೆ ಮುಗಿಸಿ ಬಂದೆಯಲ್ಲಾ, ಅದು. ಇವತ್ತಿಗೂ ಸೊಟ್ಟಗೇ ಇದೆ. ರಜಾ ಹಾಕಿದ್ರೆ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ ಅಂತ ನೀನು ನಿಜವಾದ ಗಾಯ ಮುಚ್ಚಿಟ್ಟೆ. ಇಲ್ಲಿ ಇಲ್ಲದ ಗಾಯ ಕಟ್ಟಿ ಮೆರೆಸ್ತಾರೆ.

ಮುಂದಿನ ಶುಕ್ರವಾರ ಕಾಗದ ತಂದಾಗ ಸೈನ್ ಹಾಕಲ್ಲ ಅಂದೆ. ಯಾಕೆ ಅಂದ್ರು. ಮನೆ ನೆನಪಾಗಿದೆ ಅಂದೆ. ಅಷ್ಟೇ ಧೈರ್ಯ ಇದ್ದಿದ್ದು. 'ಅಮ್ಮನ ಸೆರಗು ಹಿಡ್ಕೊಳ್ಳೋಕೆ ಹೊರಟಿದೆ ನೋಡ್ರಪ್ಪಾ' ಅಂತ ಯಜಮಾನ ಎಲ್ಲರ ಮುಂದೆ ಆಡ್ಕೊಂಡ. ರಾತ್ರಿ ಬೆಳಗಾಗೋದ್ರೊಳಗೆ ಫ್ರೇಜರ್ ಬೆರಳು ವಾಸಿ ಆಯ್ತು!

ಅವನು ಶನಿವಾರ ಆಡ್ದ. ನಾಲ್ಕು ಗೋಲ್ ಬಿಟ್ಟ. ಬಿಡದೆ ಏನ್ ಮಾಡ್ತಾನೆ, ಪಟ್ಟಿ ಕಟ್ಕೊಂಡವನು ಮೈದಾನದಲ್ಲಿ ಕಾಣಿಸ್ಕೊಳ್ಬಾರ್ದು ಅಂತ ಅಷ್ಟು ವಾರ ಒಂದು ಬಾಲ್ ಮುಟ್ಟೋಕೆ ಬಿಟ್ಟಿರ್ಲಿಲ್ಲ. ಗ್ರೇವಿ ಹೂಜಿ ಒಂದೇ ಅವನಿಗೆ ಸಿಕ್ಕಿದ ಪ್ರಾಕ್ಟೀಸು. ಯಜಮಾನ ಟೀವಿ ಮುಂದೆ ನಿಂತು, 'ಹುಡುಗ ಇನ್ನೂ ತಯಾರಾಗಿಲ್ಲ, ನಾನು ಮೊದಲೇ ಹೇಳಿದ್ದೆ' ಅಂದ. ಬೇಸಿಗೆ ಕಾಂಟ್ರ್ಯಾಕ್ಟಿನ ಮಾತು ಅಲ್ಲಿಗೆ ಮುಗೀತು. ನಾನು ಫ್ರೇಜರಿಗೆ ಮೆಸೇಜ್ ಹಾಕ್ದೆ. ಎರಡು ದಿನ ಬಿಟ್ಟು ಒಂದೇ ಸಾಲು ಬಂತು: 'ನಿನ್ನ ಯಾರು ಕೇಳಿದ್ರು?' ನಿಜವಾಗ್ಲೂ, ನಾನು ಅವನನ್ನ ಕೇಳಿರ್ಲಿಲ್ಲ. ನನ್ನ ಮೈ ತೊಳ್ಕೊಳ್ಳೋ ಅವಸರದಲ್ಲಿ ನೀರು ಅವನ ಮೇಲೆ ಎರಚ್ದೆ.

ವಾಪಸ್ ನಮ್ಮ ಕ್ಲಬ್ಬಿಗೆ ಬಂದೆ. ಇಲ್ಲಿ ದೊಡ್ಡ ಕೀಪರಿಗೆ ತೊಡೆ ಸಂದು ಹಿಡ್ಕೊಂಡಿತ್ತು. ಗುರುವಾರ ಕೋಚ್ ಬಂದು, ಮುಂದಿನ ಶನಿವಾರ ನೀನೇ ಅಂದ. ತಕ್ಷಣ ನಿಂಗೆ ಫೋನ್ ಮಾಡಿದ್ದು ಆಗ. ಅಮ್ಮ ಹಿಂದೆ ನಿಂತು ಕಿರುಚ್ತಿದ್ದಿದ್ದು ಕೇಳಿಸ್ತು. ಒಳ್ಳೇದು ಮಾಡಿದ್ದಕ್ಕೆ ಒಳ್ಳೇದಾಯ್ತು ಅಂತ ಪೆದ್ದನ ಹಾಗೆ ನಂಬ್ಕೊಂಡೆ.

ಸೋಮವಾರ ಏನೋ ಬದಲಾಯ್ತು. ಬೇರೆ ಯಾರನ್ನೋ ತರ್ತಿದಾರೆ, ಹೆಸರಿರೋನು, ವಯಸ್ಸಾದೋನು. ಅಷ್ಟೇ. ಇದು ಆಟದಲ್ಲಿ ಇದ್ದಿದ್ದೇ. ಅಮ್ಮಂಗೆ ಮೆತ್ತಗೆ ಹೇಳು. ಪೇಪರಲ್ಲಿ ನನ್ನ ಬಗ್ಗೆ ಏನಾದ್ರೂ ಬಂದ್ರೆ ಗಾಬರಿ ಆಗ್ಬೇಡಿ, ದೊಡ್ಡದೇನಲ್ಲ. ಫೋನ್ ಮಾಡಿ ಕೆದಕ್ಬೇಡ.

ಮಾರ್ಕೆಟ್ಟಲ್ಲಿ ಚಳಿ ಜಾಸ್ತಿ ಇರುತ್ತೆ, ಎರಡು ಜೊತೆ ಸಾಕ್ಸ್ ಹಾಕ್ಕೊ.

ನಿನ್ನ ಬೆನ್ನಿಗೆ ಬಿದ್ದವನು,
ಜಾಗೋ

ತಾ.ಕ.: ಮೇಲಿನದೆಲ್ಲಾ ಬಾಯಲ್ಲಿ ಹೇಳಿದ್ದಕ್ಕೆ ಕಾರಣ ಇದೆ. ಸೋಮವಾರ ಇಲ್ಲಿನ ಫಿಸಿಯೋ ನನ್ನ ಒಳಗೆ ಕರೆದು ಬಾಗಿಲು ಹಾಕ್ದ. ಕೈಯಲ್ಲಿ ಅದೇ ಥರದ ದಬ್ಬೆ, ಅದೇ ಬಿಳೀ ಪಟ್ಟಿ. 'ಯಾವ ಬೆರಳು ಬೇಕು, ನೀನೇ ಹೇಳು ಮಗಾ' ಅಂದ, ಅಂಗಡೀಲಿ ಕೇಳೋ ಹಾಗೆ. ನಾನು ಯೋಚ್ನೇನೇ ಮಾಡದೆ ಎಡಗೈ ಉಂಗುರದ ಬೆರಳು ಚಾಚ್ದೆ. ಆಮೇಲೆ ಗೊತ್ತಾಯ್ತು, ನಿನ್ನ ಸೊಟ್ಟ ಬೆರಳೂ ಅದೇ. ಎರಡು ದಿನದಿಂದ ಕಟ್ಕೊಂಡಿದ್ದೆ. ನಿಂಗೆ ಇದನ್ನೆಲ್ಲಾ ಹೇಳಿ ಕೊನೆಗೆ ಹೆಸರು ಹಾಕ್ದಾಗ ಮೂಗಿಗೆ ಆ ವಾಸನೆ ಬಡೀತು, ಡೋರೀನಮ್ಮನ ಮೇಜಿನ ವಾಸನೆ. ಈಗ ನನ್ನದು. ಹಲ್ಲಲ್ಲಿ ಕಚ್ಚಿ ಕಿತ್ತು ಬಿಸಾಡ್ದೆ. ಈ ತಾಜಾ ಕಲಮು ಮಾತ್ರ ನಾನೇ ಫೋನ್ ಒತ್ತಿ ಬರೀತಿರೋದು, ಅದೇ ಬೆರಳಲ್ಲಿ. ನಾಳೆ ಎಲ್ಲರ ಮುಂದೆ ಬರಿಗೈಯಲ್ಲಿ ಮೈದಾನಕ್ಕೆ ಇಳಿದು ಬಾಲ್ ಹಿಡೀತೀನಿ. ಬೆರಳು ನೆಟ್ಟಗಿರೋನು ಇರೋವಾಗ ಅವರು ಯಾರನ್ನ ತರ್ತಾರೋ ನೋಡೋಣ. ಟಿಕೆಟ್ ಕ್ಯಾನ್ಸಲ್ ಮಾಡ್ಬೇಡ. ಶನಿವಾರ ನಾನು ಗೋಲಲ್ಲಿ ಇದ್ರೆ ನೋಡಿ, ಇಲ್ಲಾಂದ್ರೆ ಮೂರೂ ಜನ ಒಂದೇ ರೈಲಲ್ಲಿ ಊರಿಗೆ ಹೋಗೋಣ. ಮತ್ತೆ ಅಕ್ಕಾ, ನಿಂಬೆಹಣ್ಣು ಉಜ್ಜಬೇಡ. ಮಾರ್ಕೆಟ್ಟಿಂದ ಹಾಗೇ ಬಾ.